ಶನಿವಾರದ ಸಿನಿಮಾ: ಬರುವ ಮುಂಚೆ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ 6ಕ್ಕೆ ಸರಿಯಾಗಿ ‘ಗ್ರೇಟ್ ಫ್ರೀಡಂ’ ಶುರು. ಜರ್ಮನ್ ಭಾಷೆ, ಸುಮಾರು ಎರಡು ಗಂಟೆ, ವಯಸ್ಕರಿಗೆ ಮಾತ್ರ. ತಡ ಮಾಡಬೇಡಿ, ಕಥೆ 1968, 1945, 1957ರ ನಡುವೆ ಹೇಳದೆ ಕೇಳದೆ ಜಿಗಿಯುತ್ತದೆ. ಜೈಲಿನ ಕತ್ತಲೆ ಕೋಣೆಯ ದೃಶ್ಯಗಳಲ್ಲಿ ಪರದೆ ಕಪ್ಪಾದರೆ ಪ್ರೊಜೆಕ್ಟರ್ ಕೆಟ್ಟಿತೆಂದು ಲೈಟ್ ಹಾಕಬೇಡಿ, ವರ್ಷ ಬದಲಾಗುವುದೇ ಅಲ್ಲಿ!

ಹಿನ್ನೆಲೆ ಇಷ್ಟು: ಗಂಡಸರ ನಡುವಿನ ಸಂಬಂಧವನ್ನು ಅಪರಾಧವಾಗಿಸಿದ್ದ ಜರ್ಮನ್ ದಂಡಸಂಹಿತೆಯ 175ನೇ ಕಲಮನ್ನು ನಾಜಿಗಳು 1935ರಲ್ಲಿ ಬಿಗಿ ಮಾಡಿದರು. ಪಶ್ಚಿಮ ಜರ್ಮನಿ ಅದನ್ನು 1969ರವರೆಗೂ ಹಾಗೇ ಇಟ್ಟುಕೊಂಡಿತು. ಅದಕ್ಕೇ ನಾಯಕ ಹಾನ್ಸ್ ಯಾತನಾ ಶಿಬಿರದಿಂದ ನೇರ ಜೈಲಿಗೆ ಹೋಗುತ್ತಾನೆ.

ಸಬ್‌ಟೈಟಲ್ ನೋಡಿಕೊಳ್ಳುವವರು ಆರಂಭವನ್ನಷ್ಟೇ ಅಲ್ಲ, ಕೊನೆಯನ್ನೂ ಪರೀಕ್ಷಿಸಿ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆಂದು ಮಾಡಿದ ಸಬ್‌ಟೈಟಲ್ ಫೈಲು 24ರ ವಿಡಿಯೊಗೆ ಸೇರಿದರೆ ಅಕ್ಷರ ನಿಮಿಷಕ್ಕೆ ಎರಡೂವರೆ ಸೆಕೆಂಡು ಮುಂದೆ ಓಡುತ್ತದೆ.

ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.