ಮರಿ ಕೊಳ್ಳುವ ಮೊದಲು ತಿಳಿದಿರಬೇಕಾದ್ದು

ಬರ್ಲಿನ್

ಪ್ರೀತಿಯ ಅಕ್ಕಾ,

ಇಲ್ಲಿಗೆ ಬಂದ ಮೇಲೆ ಪುಟ್ಟಿಗೆ ನಾಯಿಮರಿ ಕೊಡಿಸಬೇಕು, ತಂದ ವಾರದಲ್ಲೇ ಅದು ಸತ್ತುಹೋದರೆ ಯಾರು ಹೊಣೆ ಅಂತ ಕೇಳಿದ್ದೀಯ. ಜರ್ಮನಿಯ ಕಾನೂನು ಕೊಂಡವರ ಕೈ ಬಿಡುವುದಿಲ್ಲ. ಆದರೆ ಮರಿ ಸತ್ತಿತು ಅನ್ನುವುದೊಂದೇ ಸಾಲದು; ಕೈಗೆ ಕೊಟ್ಟ ದಿನವೇ ಅದರ ಮೈಯಲ್ಲಿ ರೋಗವಿತ್ತೇ ಅನ್ನುವುದೇ ಮುಖ್ಯ.

ವ್ಯಾಪಾರಿಯಿಂದ ಕೊಂಡಿದ್ದರೆ, ಮೊದಲ 6 ತಿಂಗಳಲ್ಲಿ ಕಾಣಿಸಿದ ರೋಗ ಮೊದಲೇ ಇತ್ತು ಎಂದೇ ಹಿಡಿಯುತ್ತಾರೆ. ಇರಲಿಲ್ಲವೆಂದು ತೋರಿಸುವ ಭಾರ ಮಾರಿದವನದು. (2022ರಿಂದ ಬೇರೆ ಸಾಮಾನಿಗೆ ಇದು 1 ವರ್ಷವಾಯಿತು, ಪ್ರಾಣಿಗೆ 6 ತಿಂಗಳೇ ಉಳಿಯಿತು.) "ಲಾಭಕ್ಕಲ್ಲ, ಪ್ರೀತಿಗೆ ಸಾಕುತ್ತೇನೆ" ಅನ್ನುವವನೂ ಮತ್ತೆ ಮತ್ತೆ ಮರಿ ಮಾರುತ್ತಿದ್ದರೆ ವ್ಯಾಪಾರಿಯೇ ಆಗಬಹುದು. ನಿಜವಾದ ಖಾಸಗಿ ಮಾರಾಟದಲ್ಲಿ ಮಾತ್ರ ಕರಾರು ಬರೆದು ಹೊಣೆ ಕಳಚಿಕೊಳ್ಳಬಹುದು. ಗೊತ್ತಿದ್ದೂ ರೋಗ ಮುಚ್ಚಿಟ್ಟಿದ್ದರೆ ಅದೂ ನಡೆಯದು.

ಆ 6 ತಿಂಗಳನ್ನೇ ನಂಬಿ ಕೂರಬೇಡ. ಪಾರ್ವೊ (ಮರಿಗಳ ಕರುಳಿಗೆ ತಗುಲುವ, ಜೀವಕ್ಕೇ ಕುತ್ತಾಗುವ ವೈರಾಣು ರೋಗ) ಸಾಮಾನ್ಯವಾಗಿ ತಗುಲಿದ 3ರಿಂದ 7 ದಿನಕ್ಕೆ, ತಡವಾದರೆ ಎರಡು ವಾರಕ್ಕೆ ಕಾಣಿಸುತ್ತದೆ. ತಂದ ಎರಡನೇ ದಿನವೇ ವಾಂತಿ, ರಕ್ತಭೇದಿ ಶುರುವಾದರೆ ಸೋಂಕು ಅಲ್ಲಿಂದಲೇ ಬಂದಿದೆ ಎನ್ನಲು ಬಲವಿದೆ. ಐದನೇ ವಾರಕ್ಕೆ ಬಂದರೆ ವಾದ ನಿಲ್ಲುವುದು ಕಷ್ಟ. ಲಸಿಕೆ ಹಾಕಿದ ಹೊಸದರಲ್ಲಿ ಮಲದಲ್ಲಿ ಲಸಿಕೆಯ ವೈರಾಣುವೇ ಸಿಗಬಹುದು, ಇದು ರೋಗವಲ್ಲ, ಲಸಿಕೆಯದ್ದು ಎಂದು ಮಾರಿದವನು ಅದನ್ನೇ ಹಿಡಿದುಕೊಳ್ಳುತ್ತಾನೆ. ಲಸಿಕೆಯ ವೈರಾಣು, ರೋಗದ ವೈರಾಣು ಎರಡನ್ನೂ ಬೇರ್ಪಡಿಸುವ ಪಿಸಿಆರ್ ಪರೀಕ್ಷೆ (ವೈರಾಣುವಿನ ವಂಶವಾಹಿ ನೋಡಿ ಗುರುತಿಸುವ ಪರೀಕ್ಷೆ) ಕೇಳು.

ಮರಿ ಸೊರಗಿದರೆ ಮೊದಲು ವೈದ್ಯರ ಬಳಿ ಓಡು. ತುರ್ತಿನಲ್ಲಿ ಮಾರಿದವನಿಗೆ ಗಡುವು ಕೊಟ್ಟು ಕಾಯಬೇಕಿಲ್ಲ ಎಂದು ಇಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2005ರಲ್ಲೇ ಹೇಳಿದೆ. ಅವನಿಗೆ ಅಂದೇ ಬರಹದಲ್ಲಿ ತಿಳಿಸಿದರಾಯಿತು.

ಸತ್ತರೆ ಹೂಳಬೇಡ, ಸುಡಿಸಬೇಡ, ಮಾರಿದವನು ಕೇಳಿದರೂ ಶವ ಕೊಡಬೇಡ. ಪ್ಲಾಸ್ಟಿಕ್‌ನಲ್ಲಿ ಸುತ್ತಿ 4 ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿಡು. ಫ್ರೀಜರ್ ಮಾತ್ರ ಬೇಡ: ಮಂಜಿನ ಹರಳು ಜೀವಕೋಶಗಳನ್ನು ಒಡೆದುಬಿಟ್ಟರೆ ಸೂಕ್ಷ್ಮದರ್ಶಕದಲ್ಲಿ ಏನೂ ಸರಿಯಾಗಿ ಕಾಣದು. ಕರುಳು ಎಲ್ಲಕ್ಕಿಂತ ಬೇಗ ಕೊಳೆಯುತ್ತದೆ, ಪಾರ್ವೊದ ಗುರುತಿರುವುದೂ ಅಲ್ಲೇ. ಆದ್ದರಿಂದ ಸಾಧ್ಯವಾದರೆ 24 ಗಂಟೆಯೊಳಗೆ ಮರಣೋತ್ತರ ಪರೀಕ್ಷೆಗೆ ತಲುಪಿಸು.

ವರದಿ ಬಂದ ಮೇಲೆ ಕೊಂಡ ಹಣ ಮತ್ತು ವೈದ್ಯರ ಬಿಲ್ಲು ಕೇಳಿ, 14 ದಿನದ ಗಡುವು ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕು. ಬಿಲ್ಲು ಸಿಗಬೇಕಾದರೆ ಅವನ ತಪ್ಪೂ ಇರಬೇಕು, ಆದರೆ ತನ್ನ ತಪ್ಪಿಲ್ಲವೆಂದು ತೋರಿಸಬೇಕಾದವನು ಅವನೇ. ಬದಲಿಗೆ ಇನ್ನೊಂದು ಮರಿ ಕೊಡುತ್ತೇನೆ ಎಂದರೆ ತಕ್ಷಣ ಒಪ್ಪಬೇಡ. ಪಾರ್ವೊ ವೈರಾಣು ಮನೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಲಸಿಕೆ ಪೂರ್ತಿಯಾಗದ ಮರಿಗೆ ಅದೇ ನೆಲದಲ್ಲಿ ಅದೇ ಗತಿ.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ