ನಮ್ಮ ಸುದ್ದಿ ತಾಣಕ್ಕೆ ಐದು ವರ್ಷ ಆಯ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಮೊನ್ನೆ ಪ್ರೆಸ್ಸಿನ ಅಟ್ಟ ಸ್ವಚ್ಛ ಮಾಡುವಾಗ ಒಂದು ಕಟ್ಟು ಲಗ್ನಪತ್ರಿಕೆ ಸಿಕ್ಕಿತು. ಐನೂರು ಪ್ರತಿ, ಕಟ್ಟು ಬಿಚ್ಚೇ ಇಲ್ಲ. ಮೇಲೆ ಗಣಪತಿ, ಸುತ್ತ ಬಂಗಾರದ ಬಣ್ಣದ ಅಂಚು. ಮುಹೂರ್ತ 2020ರ ಏಪ್ರಿಲ್ 26, ಅಕ್ಷಯ ತೃತೀಯ. ಮಾರ್ಚ್ 24ರ ರಾತ್ರಿ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಲಾಕ್‌ಡೌನ್ ಅಂದರು. ಈ ಕಟ್ಟನ್ನು ಒಯ್ಯಲು ಯಾರೂ ಬರಲಿಲ್ಲ.

ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು. ಬೆಟಗೇರಿಯ ನಮ್ಮ ಸಣ್ಣ ಪ್ರೆಸ್ಸಿನಲ್ಲಿ ನಾನು ಹದಿನಾರು ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ, ಮಾಡುತ್ತಿದ್ದೆ. ನಮ್ಮ ಇಡೀ ವರ್ಷದ ಗಂಜಿ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಲಗ್ನಪತ್ರಿಕೆಯಲ್ಲೇ ಇರುವುದು. ಆ ವರ್ಷ ಅದೇ ಮೂರು ತಿಂಗಳು ಮಷಿನ್ ಮೇಲೆ ಚಾದರ ಹೊದಿಸಿ ಇಟ್ಟೆವು.

ಅದೇ ಹೊತ್ತಿಗೆ ವರದಿಗಾರ ಗೆಳೆಯರ ಹತ್ತಿರ ಸುದ್ದಿ ಇತ್ತು, ಹಾಕಲು ಜಾಗ ಇರಲಿಲ್ಲ. ಪೇಪರ್ ಮುಟ್ಟಿದರೆ ರೋಗ ಬರುತ್ತದೆ ಅಂತ ಜನ ಪೇಪರನ್ನೇ ಬಿಡಿಸಿದ್ದರು. ಒಬ್ಬ ಗೆಳೆಯ, "ನೀ ಕಂಪ್ಯೂಟರ್ ಮುಂದ ಕುಂತಿರ್ತೀಯಲ್ಲ, ಒಂದು ವೆಬ್‌ಸೈಟ್ ಮಾಡಿ ಕೊಡು" ಅಂದ. ಲಗ್ನಪತ್ರಿಕೆ ಮಾಡುವವನಿಗೂ ವೆಬ್‌ಸೈಟ್‌ಗೂ ಏನು ಸಂಬಂಧ ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಯೂಟ್ಯೂಬಿನಲ್ಲಿ ಹಿಂದಿ ವಿಡಿಯೋ ನೋಡಿ ವರ್ಡ್‌ಪ್ರೆಸ್ ಕಲಿತೆ. ಜುಲೈ 2020ಕ್ಕೆ ಗದಗಿನ ತಾಣ ಶುರುವಾಯಿತು. ಆಮೇಲೆ ಹಾವೇರಿಯವರು ಕೇಳಿದರು, ಆಮೇಲೆ ಹುಬ್ಬಳ್ಳಿಯವರು. ಈಗ ಮೂರೂ ಸೇರಿ ಐದು ವರ್ಷದ ಲೆಕ್ಕ. ಈ ತಿಂಗಳು ಡೊಮೇನ್ ರಿನ್ಯೂ ಮಾಡಲು ದುಡ್ಡು ಕಟ್ಟಿದಾಗ ಅನಿಸಿತು, ಇದನ್ನು ಇಲ್ಲಿವರೆಗೆ ಎಳೆದು ತಂದವನು ನಾನೊಬ್ಬನೇ ಅಲ್ಲ. ಹೇಳಬೇಕಾದವರಿಗೆ ಒಂದು ಮಾತು ಹೇಳೇ ಇಲ್ಲ ಅಂತ.

ಮೊದಲು ಕಾಕಾ ಅವರಿಗೆ. ಹೆಸರು ಹಾಕಬೇಡ ಅಂದಿದ್ದಾರೆ. ಅಚ್ಚುಮೊಳೆ ಜೋಡಿಸಿ ಬದುಕಿದ ಜೀವ, ಈಗ ಎಂಬತ್ತರ ಹತ್ತಿರ. ದಿನಾ ಮುಂಜಾನೆ ಚಹಾ ಕುಡಿಯುತ್ತ ಫೋನಿನಲ್ಲಿ ನಮ್ಮ ಸುದ್ದಿ ಓದುತ್ತಾರೆ. ಏಳೂವರೆಗೆ ಫೋನ್ ಬರುತ್ತದೆ. "ಮೂರನೇ ಸುದ್ಯಾಗ ಮೊಳಿ ಉಲ್ಟಾ ಕುಂತದ ನೋಡು." ಶುರುವಿನಲ್ಲಿ ಉಲ್ಟಾ ಕೂತ ಮೊಳೆಗಳೇ, ಅಂದರೆ ತಪ್ಪು ಅಕ್ಷರಗಳೇ, ಜಾಸ್ತಿ ಇದ್ದವು. ನಮ್ಮ ವರದಿಗಾರರು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸುವವರು. ಅದನ್ನು ಹಾಗೇ ಸೈಟಿಗೆ ಹಾಕಿದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರ, ನಡುವೆ ಪೌಂಡಿನ ಗುರುತು, ತಲೆ ಮೇಲೆ ಗೀಟು, ಅಷ್ಟೇ. ಎಲ್ಲ ಫೋನಿನಲ್ಲೂ ಕಾಣುವ ಯೂನಿಕೋಡ್‌ಗೆ ತಿರುಗಿಸಿದರೂ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಒಂದು ಕಡೆ. ಒಂದು ಶ್ರದ್ಧಾಂಜಲಿಯಲ್ಲಿ ತೀರಿಕೊಂಡವರ ಹೆಸರೇ ಒಡೆದು ಹೋಗಿತ್ತು. ಕಾಕಾ ಅವತ್ತು ಬೈಯಲಿಲ್ಲ, ಸುಮ್ನೆ "ಮನಿಯವ್ರು ನೋಡೋದ್ರೊಳಗ ಸರಿ ಮಾಡು" ಅಂದರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಇನ್ನೊಂದು ಮಾತನ್ನೂ ಅವರೇ ಅಂದಿದ್ದು. ಶುರುವಿನಲ್ಲಿ ನಾನು ದಿಲ್ಲಿ ಸುದ್ದಿಯನ್ನೇ ಜಾಸ್ತಿ ಹಾಕುತ್ತಿದ್ದೆ. ಯಾರು ಏನಂದರು, ಯಾರು ರಾಜೀನಾಮೆ ಕೊಟ್ಟರು, ಇಡೀ ದೇಶದಲ್ಲಿ ಇವತ್ತು ಎಷ್ಟು ಪಾಸಿಟಿವ್. ಟಿವಿ ಹಚ್ಚಿಟ್ಟು, ಕೇಳಿದ್ದನ್ನು ಟೈಪ್ ಮಾಡಿ ಹಾಕುವುದು. ಓದುವವರೂ ಇದ್ದರು. ಕಾಕಾ ಒಂದು ದಿನ ಕೇಳಿದರು, "ಇದನ್ನ ನಾ ರಾತ್ರಿನೇ ಟಿವ್ಯಾಗ ನೋಡೀನಿ. ಬೆಟಗೇರಿಗೆ ಏನಾತು?" ಉತ್ತರ ಇರಲಿಲ್ಲ.

ಉತ್ತರ ಸಿಗಲು ಒಂದು ದೊಡ್ಡ ತಪ್ಪು ಮಾಡಬೇಕಾಯಿತು. ಎರಡನೇ ಥ್ಯಾಂಕ್ಸ್ ಆ ತಪ್ಪಿನ ಕಥೆಯೇ.

2021ರ ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಹೇಳಿತು: ಮೇ 1ರಿಂದ 18 ವರ್ಷ ದಾಟಿದ ಎಲ್ಲರಿಗೂ ಲಸಿಕೆ. ಎರಡನೇ ಅಲೆ ನೆತ್ತಿ ಮೇಲೆ ಕೂತಿದ್ದ ದಿನಗಳು. ಆಕ್ಸಿಜನ್ ಬೆಡ್ ಎಲ್ಲಿದೆ ಅಂತ ಕೇಳುವ ಫೋನ್ ರಾತ್ರಿ ಎರಡಕ್ಕೂ ಬರುತ್ತಿತ್ತು. ನಾನು ಸುದ್ದಿಯನ್ನು ದೊಡ್ಡದಾಗಿ ಹಾಕಿದೆ. ಏಪ್ರಿಲ್ 30ಕ್ಕೆ ಮತ್ತೊಮ್ಮೆ ಮೇಲೆ ತಂದೆ, "ನಾಳೆಯಿಂದ" ಅಂತ ಸೇರಿಸಿ. ಆದರೆ ಅವತ್ತೇ ನಮ್ಮ ರಾಜ್ಯದ ಆರೋಗ್ಯ ಸಚಿವರು, ಕಂಪನಿಗಳಿಂದ ಲಸಿಕೆ ಬಂದಿಲ್ಲ, ನಾಳೆ ಯಾರೂ ಆಸ್ಪತ್ರೆಗೆ ಹೋಗಬೇಡಿ ಅಂದಿದ್ದರು. ಅದು ನನಗೆ ಕಂಡಿರಲೇ ಇಲ್ಲ. ನಾನು ದಿಲ್ಲಿಯನ್ನೇ ನೋಡುತ್ತ ಕೂತಿದ್ದೆ.

ಮರುದಿನ ಮುಂಜಾನೆ ಏಳಕ್ಕೆ ಫೋನ್. ಹತ್ತಿರದ ಹಳ್ಳಿಯ ಆಶಾ ಕಾರ್ಯಕರ್ತೆ. ಹಿಂದೆ ಒಮ್ಮೆ ಯಾವುದೋ ಸುದ್ದಿಗೆ ಮಾತಾಡಿಸಿದ್ದೆ, ನಂಬರ್ ಇಟ್ಟುಕೊಂಡಿದ್ದರು.

"ಅಣ್ಣಾರ, ನಿಮ್ಮ ಸುದ್ದಿ ತೋರಿಸಿ ಹುಡುಗೂರು ಬಾಗಿಲಿಗೆ ಬಂದು ನಿಂತಾರ. ನಲವತ್ತು ಮಂದಿ ಅದಾರ. ನಾ ಎಲ್ಲಿಂದ ತರ್ಲಿ ಲಸಿಕಿ? ನೀವು ಬಂದು ಹೇಳ್ರಿ ಇವ್ರಿಗೆ."

ಬೈಕ್ ಹತ್ತಿ ಹೋದೆ. ಪೊಲೀಸರು ಎರಡು ಕಡೆ ತಡೆದರು, ಕುತ್ತಿಗೆಯ ಕಾರ್ಡ್ ತೋರಿಸಿದೆ. ಅಲ್ಲಿ ಹೋಗಿ ನೋಡಿದರೆ ಆ ಅಕ್ಕ ಆರೋಗ್ಯ ಉಪಕೇಂದ್ರದ ಮೆಟ್ಟಿಲ ಮೇಲೆ ನಿಂತಿದ್ದರು. ಗುಲಾಬಿ ಸೀರೆ, ಎರಡು ಮಾಸ್ಕ್, ಕೈಯಲ್ಲಿ ರಿಜಿಸ್ಟರ್. ಹುಡುಗರು ಒಬ್ಬರಿಗೊಬ್ಬರು ಅಂಟಿಕೊಂಡೇ ನಿಂತಿದ್ದರು. ರೋಗ ತಪ್ಪಿಸಿಕೊಳ್ಳಲು ಬಂದವರಿಗೆ ಅಲ್ಲೇ ರೋಗ ಹತ್ತಿದ್ದರೆ? ನಾನು ತಪ್ಪಾಯ್ತು ಅಂತ ಹೇಳಿದೆ. ಒಬ್ಬ ಹುಡುಗ ಫೋನ್ ಎತ್ತಿ ಹಿಡಿದು, "ಇಲ್ಲಿ ನಾಳೆ ಅಂತ ಬರದೀರಲ್ಲ?" ಅಂದ. ನನ್ನದೇ ಹೆಡ್ಡಿಂಗ್, ನಾನೇ ಆರಿಸಿದ ಕೆಂಪು ಬಣ್ಣದಲ್ಲಿ.

ರಾಜ್ಯದಲ್ಲಿ ಆ ವಯಸ್ಸಿನವರಿಗೆ ಲಸಿಕೆ ನಿಜವಾಗಿ ಶುರುವಾಗಿದ್ದು ಮೇ 10ಕ್ಕೆ. ನಾಲ್ಕೇ ದಿನಕ್ಕೆ ಅದೂ ನಿಂತಿತು, ಎರಡನೇ ಡೋಸ್ ಬಾಕಿ ಇದ್ದವರಿಗೇ ಸಾಲುತ್ತಿರಲಿಲ್ಲ. ಕೊನೆಗೆ ಜೂನ್ 21ರಿಂದ ಕೇಂದ್ರವೇ ಎಲ್ಲರಿಗೂ ಉಚಿತ ಅಂತ ಆದ ಮೇಲೆ ಸಾಲು ಸರಿಯಾಯಿತು. ದಿಲ್ಲಿಯ ಒಂದು ಸಾಲಿನ ಸುದ್ದಿ ನಮ್ಮ ಉಪಕೇಂದ್ರದ ಮೆಟ್ಟಿಲು ಮುಟ್ಟಲು ಇಷ್ಟು ತಿರುವು ತಗೊಂಡಿತ್ತು. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆವು. ಮೇಲಿಂದ ಯಾವ ಆರೋಗ್ಯ ಸುದ್ದಿ ಬಂದರೂ ಅಕ್ಕಾರಿಗೆ ಒಂದು ಫೋನ್. "ನಿಮ್ಮಲ್ಲಿ ಬಂದೈತೇನ್ರೀ?" ಅವರು ಇಲ್ಲ ಅಂದರೆ ಸುದ್ದಿಯ ಮೊದಲ ಸಾಲಿನಲ್ಲೇ "ಇಲ್ಲಿ ಇನ್ನೂ ಬಂದಿಲ್ಲ" ಅಂತ ಹಾಕುವುದು. ಓದುವವರು ಕಡಿಮೆಯಾದರು, ನಿಜ. ನಾಳೆ ಸಿಗುತ್ತದೆ ಅಂದರೆ ಎಲ್ಲರೂ ಒತ್ತುತ್ತಾರೆ, ಇನ್ನೂ ಸಿಕ್ಕಿಲ್ಲ ಅಂದರೆ ಯಾರು ಒತ್ತುತ್ತಾರೆ?

ಆ ದಿನಗಳಲ್ಲಿ ಅತಿ ಹೆಚ್ಚು ಓದಿಸಿಕೊಂಡ ಪುಟ ಸುದ್ದಿಯೇ ಅಲ್ಲ ಅನ್ನುವುದು ಬೇರೆ ಮಾತು. ಕೋವಿನ್‌ನಲ್ಲಿ ಲಸಿಕೆಗೆ ಹೆಸರು ನೋಂದಾಯಿಸುವುದು ಹೇಗೆ ಅಂತ ಕನ್ನಡದಲ್ಲಿ, ಪರದೆಯ ಫೋಟೋ ಸಮೇತ ಹಾಕಿದ್ದೆವು. ಅದನ್ನು ಕೂತು ಮಾಡಿದವಳು ನನ್ನ ಹೆಂಡತಿ. ಓಣಿಯ ಅರ್ಧ ಅಜ್ಜಿಯರ ಒಟಿಪಿ ಅವಳ ಫೋನಿಗೇ ಬರುತ್ತಿತ್ತು. ಅವಳಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ನಗುತ್ತಾಳೆ, ಆದರೂ ಇರಲಿ.

ಮೂರನೆಯದು ಹುಬ್ಬಳ್ಳಿ ವಿದ್ಯಾನಗರದ ಒಬ್ಬ ಹುಡುಗನಿಗೆ. ಆಗ ಇಂಜಿನಿಯರಿಂಗ್ ಓದುತ್ತಿದ್ದ. 2023ರ ಮೇ 13, ವಿಧಾನಸಭೆ ಮತ ಎಣಿಕೆ. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರು ಬಿಜೆಪಿ ಬಿಟ್ಟು ಕಾಂಗ್ರೆಸ್ಸಿನಿಂದ ನಿಂತಿದ್ದರಿಂದ ದಿಲ್ಲಿ ಚಾನೆಲ್‌ಗಳ ಕ್ಯಾಮೆರಾ ಕೂಡ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಮೇಲೇ ಇತ್ತು. ಎಂಟಕ್ಕೆ ಎಣಿಕೆ ಶುರು, ಒಂಬತ್ತು ದಾಟುವುದರೊಳಗೆ ನಮ್ಮ ಮೂರೂ ಸೈಟ್ ಮಲಗಿದವು. ಅಗ್ಗದ ಹೋಸ್ಟಿಂಗ್, ಒಂದೇ ಸರ್ವರ್, ಮೇಲೆ ನಾನು ಪ್ರತಿ ಅಭ್ಯರ್ಥಿಯ ದೊಡ್ಡ ದೊಡ್ಡ ಫೋಟೋ ತುಂಬಿಸಿದ್ದೆ. ಲಗ್ನಪತ್ರಿಕೆಯ ಚಾಳಿ. ಹೋಸ್ಟಿಂಗ್‌ನವರಿಗೆ ಫೋನ್ ಮಾಡಿದರೆ ಬರೀ ಸಂಗೀತ.

ಯಾವತ್ತೋ ನಮ್ಮ ಸೈಟ್ ನಿಧಾನ ಅಂತ ಮೇಲ್ ಬರೆದು ಬೈದಿದ್ದ ಈ ಹುಡುಗ ನೆನಪಾದ. ಅವನು ಕೇಳಿದ್ದು ಒಂದೇ. "ಸರ್, ಜನಕ್ಕ ಫೋಟೋ ಬೇಕೋ, ನಂಬರ್ ಬೇಕೋ?" ಎಲ್ಲ ತೆಗೆದು ಒಂದು ಬಿಳಿ ಪುಟ, ಒಂದು ಕೋಷ್ಟಕ. ಊರು, ಹೆಸರು, ಸುತ್ತು, ಮತ. ನಾನು ಫೋನಿನಲ್ಲಿ ಸುತ್ತು ಸುತ್ತಿಗೂ ಹೇಳುವುದು, ಅವನು ಅಲ್ಲಿಂದ ತಿದ್ದುವುದು. ಮಧ್ಯಾಹ್ನದವರೆಗೆ ಆ ಪುಟ ಅಲುಗಾಡಲಿಲ್ಲ. ರಾಜ್ಯದಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಗದಗ ಜಿಲ್ಲೆಯ ನಾಲ್ಕು ಕ್ಷೇತ್ರ ಮಾತ್ರ ಎರಡು-ಎರಡು ಹಂಚಿಹೋದವು. ಆ ಹುಡುಗ ದುಡ್ಡು ಬೇಡ ಅಂದ, ಧಾರವಾಡ ಫೇಡೆ ಕಳಿಸಿದೆ. ಹುಬ್ಬಳ್ಳಿಯವನಿಗೆ ಫೇಡೆ ಕಳಿಸುವುದು ಅಂದರೆ ಗೋಕಾಕಿಗೆ ಕರದಂಟು ಕಳಿಸಿದ ಹಾಗೆ, ಆದರೆ ಅವತ್ತು ಬೇರೇನೂ ಹೊಳೆಯಲಿಲ್ಲ.

ನರಗುಂದದ ಓದುಗರಿಗೂ ಥ್ಯಾಂಕ್ಸ್, ಸ್ವಲ್ಪ ಕ್ಷಮೆ ಸಮೇತ. 2024ರ ಜೂನ್ 4ರಂದು ಲೋಕಸಭೆ ಫಲಿತಾಂಶ. ಬಿಜೆಪಿ 240ಕ್ಕೆ ನಿಂತಿತು ಅಂತ ದೇಶವೆಲ್ಲ ಲೆಕ್ಕ ಹಾಕುತ್ತಿದ್ದರೆ, ನಾನು ಗದಗ ಸೈಟಿನಲ್ಲಿ ಹಾವೇರಿ ಕ್ಷೇತ್ರದ ಲೆಕ್ಕ ಹಾಕಿ, ಬೊಮ್ಮಾಯಿ ಗೆದ್ದರು ಅಂತ ಬರೆದು ಕೈ ತೊಳೆದುಕೊಂಡೆ. ನರಗುಂದದಿಂದ ಸಾಲಾಗಿ ಮೆಸೇಜ್. "ನಾವು ಬಾಗಲಕೋಟಿಗೆ ವೋಟ್ ಹಾಕಿದವ್ರು. ನಮ್ಮದೆಲ್ಲಿ?" ಹೌದಲ್ಲ! ಜಿಲ್ಲೆ ಗದಗ, ಲೋಕಸಭೆ ಬಾಗಲಕೋಟೆ. ಹಾಗೇ ಶಿಗ್ಗಾಂವಿಯವರು ಹಾವೇರಿ ಜಿಲ್ಲೆಯಲ್ಲಿದ್ದು ಧಾರವಾಡಕ್ಕೆ ವೋಟ್ ಹಾಕುತ್ತಾರೆ. ಸೈಟನ್ನು ಜಿಲ್ಲೆ ಅಂತ ಮೂರು ತುಂಡು ಮಾಡಿದ್ದೆ, ಜನ ಹಾಗೆ ತುಂಡಾಗಿ ಇಲ್ಲ. ಈಗ ತಾಲೂಕಿಗೊಂದು ಪುಟ ಇದೆ.

2025ರ ಜುಲೈ ಶುರುವಿನಲ್ಲಿ ಮತ್ತೆ ಹಳೇ ಪರೀಕ್ಷೆಯೇ ಬಂತು. ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ. ಜುಲೈ 1ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕೋವಿಡ್ ಲಸಿಕೆಯೂ ಕಾರಣ ಇರಬಹುದು ಅಂದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದಲ್ಲಿ ಅಂಥ ಸಂಬಂಧ ಕಂಡಿಲ್ಲ ಅಂದಿತು. ರಾಜಕೀಯ, ಆರೋಗ್ಯ ಎರಡೂ ಒಂದೇ ತಟ್ಟೆಯಲ್ಲಿ. ವಾಟ್ಸಾಪ್ ಉರಿಯುತ್ತಿತ್ತು. ನಾವು ಒಂದು ದಿನ ತಡ ಮಾಡಿ, ಎರಡೂ ಮಾತನ್ನು ಒಟ್ಟಿಗೆ ಹಾಕಿದೆವು. ಕೆಳಗೆ ಎದೆ ನೋವು ಬಂದರೆ ನಮ್ಮಲ್ಲಿ ಹೃದಯದ ಇಸಿಜಿ ಪರೀಕ್ಷೆ ಎಲ್ಲೆಲ್ಲಿ ಮಾಡುತ್ತಾರೆ ಅನ್ನುವ ಪಟ್ಟಿ. ಆ ಪಟ್ಟಿ ಮಾಡಲು ಡ್ಯೂಟಿ ಮುಗಿದ ಮೇಲೂ ಕೂತು ಫೋನಿನಲ್ಲಿ ಮಾತಾಡಿದ ತಾಲೂಕು ಆಸ್ಪತ್ರೆಯ ಡಾಕ್ಟರಿಗೂ ನಮಸ್ಕಾರ.

ಜಾಹೀರಾತು ಕೊಟ್ಟ ಬೀಜದಂಗಡಿಯವರು, ಬ್ಯಾಡಗಿಯಿಂದ ದಿನಾ ಮೆಣಸಿನಕಾಯಿ ದರ ಕಳಿಸುವವರು, ಬಾಡಿಗೆ ತಡವಾದರೂ ಸುಮ್ಮನಿದ್ದ ಮಾಲೀಕರು, ಎಲ್ಲರಿಗೂ ಋಣಿ. ದುಡ್ಡು ಮಾಡಿದ್ದೇವೆ ಅಂತ ತಿಳಿಯಬೇಡಿ. ಇವತ್ತಿಗೂ ಸೈಟಿನ ಖರ್ಚು ಲಗ್ನಪತ್ರಿಕೆಯಿಂದಲೇ ನಡೆಯುತ್ತದೆ.

ಬರುವ ಭಾನುವಾರ ಸಂಜೆ ಪ್ರೆಸ್ಸಿನಲ್ಲಿ ಗಿರ್ಮಿಟ್, ಮಿರ್ಚಿ, ಚಹಾ ಇಟ್ಟಿದ್ದೇವೆ. ಭಾಷಣ ಇಲ್ಲ. ಕಾಕಾ ಬರುತ್ತಾರೆ, ವಿದ್ಯಾನಗರದ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ, ರೈಲು ಸಿಕ್ಕರೆ ಬರುತ್ತೇನೆ ಅಂದಿದ್ದಾನೆ. ಆಶಾ ಅಕ್ಕಾರಿಗೂ ಫೋನ್ ಮಾಡಿದೆ. 2025ರ ಜನವರಿಯಲ್ಲಿ ಅವರೂ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ, 15 ಸಾವಿರ ಗೌರವಧನ ಕೇಳಿ ಧರಣಿ ಕೂತು ರಾತ್ರಿ ಕಳೆದವರು. ಅಲ್ಲಿಂದ ಅವರು ಕಳಿಸಿದ ಫೋಟೋ ನಮ್ಮ ಸೈಟಿನ ಮೊದಲ ಪುಟದಲ್ಲಿ ಮೂರು ದಿನ ಇತ್ತು.

"ಬರ್ತೀನ್ರೀ ಅಣ್ಣಾರ" ಅಂದರು. ಆಮೇಲೆ ಸ್ವಲ್ಪ ತಡೆದು, "ತಾರೀಖು ಒಮ್ಮೆ ಸರಿಯಾಗಿ ನೋಡಿ ಹೇಳ್ರಿ, ನಾ ಬಂದು ಬಾಗಿಲಿಗೆ ನಿಂತ್ಕೊಬಾರ್ದು" ಅಂದರು.