ಬರೆಯುವ ಮುಂಚೆ ನಿಮ್ಮ ವರ ಯಾವುದು ಅಂತ ನೋಡಿಕೊಳ್ಳಿ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು.

ಮುಂದಿನ ಬರಹ ಶುರು ಮಾಡುವ ಮುಂಚೆ ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ, 6ರಿಂದ 8ನೇ ವಚನ ನಿಧಾನವಾಗಿ ಓದಿ. ಪೌಲ ಅಲ್ಲಿ ಏಳು ವರಗಳನ್ನು, ಅಂದರೆ ದೇವರು ಕೊಡುವ ಸಾಮರ್ಥ್ಯಗಳನ್ನು, ಹೇಳುತ್ತಾನೆ. ಬರೆಯುವುದು ಅದರಲ್ಲಿಲ್ಲ. ಆದರೆ ಬೋಧಿಸುವುದು, ಧೈರ್ಯ ಹೇಳುವುದು, ಕರುಣೆ ತೋರಿಸುವುದು ಇವೆ. ಪೆನ್ನು ಹಿಡಿದಾಗ ಕೆಲಸ ಮಾಡುವುದು ಇವೇ ಅಲ್ವಾ?

ನಾನು ಎರಡು ವರ್ಷ ವಚನ ವಿವರಣೆ ಬರೆಯಲು ಒದ್ದಾಡಿದೆ. ಒಂದು ಸಾಲಿಗೂ ಜೀವ ಬರಲಿಲ್ಲ. ಆಮೇಲೆ ಒಮ್ಮೆ ಮಗುವನ್ನು ಕಳೆದುಕೊಂಡ ಅಕ್ಕನೊಬ್ಬರಿಗೆ ಅರ್ಧ ಪುಟದ ಪತ್ರ ಬರೆದೆ. ಅವರು ಅದನ್ನು ಮಡಚಿ ಬೈಬಲಿನೊಳಗೆ ಇಟ್ಟುಕೊಂಡಿದ್ದರು. ಮಡಿಕೆ ಹರಿಯುವಷ್ಟು ಸಲ ಓದಿದ್ದರು. ನನ್ನದು ಸಂತೈಸುವ ವರ ಅಂತ ಆಗ ಗೊತ್ತಾಯಿತು. ಈಗ ವಿಷಯ ಆರಿಸುವಾಗ ಮೊದಲು ಕೇಳಿಕೊಳ್ಳುತ್ತೇನೆ: ಇದನ್ನು ಓದಿದರೆ ಯಾರ ನೋವು ಸ್ವಲ್ಪ ಹಗುರ ಆಗುತ್ತೆ?

ಬೋಧನೆಯ ವರ ಇರುವವರು ಹಿಂಜರಿಯದೆ ಉದ್ದ ವಿವರಣೆ ಬರೆಯಿರಿ. ಸೇವೆಯ ವರ ಇರುವವರೇ, ಬೇರೆಯವರ ಬರಹ ತಿದ್ದಿಕೊಡುವುದು ಸಣ್ಣ ಕೆಲಸ ಅಲ್ಲ. ಪೌಲ ಹೇಳಿದ ಹಾಗೆ ಇದೇ ಪತ್ರಿಕೆಯನ್ನು ಬರೆದುಕೊಟ್ಟವನು ತೆರ್ತ್ಯ (16:22).

ನಿಮ್ಮ ವರ ಯಾವುದೆಂದು ಗೊತ್ತಾಗದಿದ್ದರೆ ನಿಮ್ಮ ಬರಹ ಓದಿದ ಇಬ್ಬರನ್ನು ಕೇಳಿ. ಶನಿವಾರದೊಳಗೆ ಒಂದು ಸಾಲಿನಲ್ಲಿ ಇಲ್ಲಿ ತಿಳಿಸಿ.